ಬೀಗದ ಪಿಕ್ಚರಿನ ನಡುಭಾಗ

ಫೆಬ್ರವರಿ 3, ಮಂಗಳವಾರ. ಮಧ್ಯಾಹ್ನ 1.40

ಎರಡನೇ ಹಾಲ್‌ನ ಬಾಗಿಲು ಹಾಕಿ ಬಂದೆ. ಇನ್ನು ಇಪ್ಪತ್ತು ನಿಮಿಷ ಬಿಡುವು. ಮೆಟ್ಟಿಲ ಕೆಳಗಿನ ಸ್ಟೂಲು, ಟಾರ್ಚು, ಈ ನೋಟ್‌ಬುಕ್ಕು.

ಯುದ್ಧದ ಪಿಕ್ಚರ್‌ಗೆ ಇವತ್ತೂ ಹಾಲ್ ಅರ್ಧ ತುಂಬಿತ್ತು. ಶುರುವಲ್ಲೇ ಸೇತುವೆ ಹಾರಿಸಿಬಿಡುತ್ತಾರೆ. ಅದರ ಮೇಲೆ ಯಾರಿದ್ದಾರೆ ಅಂತ ಗೊತ್ತಾಗುವ ಮೊದಲೇ ಹಾರಿಸಿದರೆ ನಮಗೇನು ಸಂಕಟ? ಹತ್ತು ನಿಮಿಷ ತಡೆಯಬೇಕಿತ್ತು. ಸದ್ದು ಮಾತ್ರ ಜೋರು. ಜಿ ಸಾಲಿನ ಸಡಿಲ ಕುರ್ಚಿ ಆ ಸದ್ದಿಗೆ ತಾನಾಗಿಯೇ ಮಡಚಿಕೊಳ್ಳುತ್ತದೆ. ಯಾರದಾದರೂ ಬೆರಳು ಸಿಕ್ಕಿಕೊಂಡರೆ? ಮ್ಯಾನೇಜರ್‌ಗೆ ಎರಡು ಸಲ ಹೇಳಿದ್ದೇನೆ. ಮೂರನೇ ಸಲ ಹೇಳಿದರೆ ಬೈಯುತ್ತಾರೆ. ಹೇಳದೆ ಏನಾದರೂ ಆದರೆ ಆಗಲೂ ಬೈಯುತ್ತಾರೆ.

ನಾಲ್ಕನೇ ಹಾಲ್‌ನ ಬೀಗದ ಪಿಕ್ಚರ್‌ಗೆ ಹನ್ನೊಂದು ಜನ. ಅದಕ್ಕೊಂದು ಹೆಸರಿದೆ, ಇಲ್ಲಿ ಯಾರೂ ಹೇಳುವುದಿಲ್ಲ. ನಮಗೆ ಎಲ್ಲವೂ ಹೀಗೇ — ಯುದ್ಧದ್ದು, ಹಾಡುಗಾರ್ತಿದು, ನಾಯಿದು, ಬೀಗದ್ದು.

ಮೂರನೇ ಹಾಲ್ ಇಂಟರ್‌ವಲ್. ಹೊರಟೆ.

ಫೆಬ್ರವರಿ 5, ಗುರುವಾರ. ಬೆಳಿಗ್ಗೆ 11

ಮ್ಯಾನೇಜರ್ ಕರೆಸಿದರು. ಕುರ್ಚಿ ವಿಷಯವೇ ಅಂದುಕೊಂಡೆ. ಕುರ್ಚಿ ಅಲ್ಲ.

ಊರಿನ ಚಿತ್ರಸಂಘದವರು ವರ್ಷಕ್ಕೊಂದು ಪ್ರಶಸ್ತಿ ಕೊಡುತ್ತಾರೆ. ಐದು ಜನ ತೀರ್ಪುಗಾರರು. ಈ ಸಲ ಒಬ್ಬರು ಸಾಮಾನ್ಯ ಪ್ರೇಕ್ಷಕರ ಕಡೆಯಿಂದ ಇರಲಿ ಎಂದರಂತೆ.

"ನಿನ್ನ ಹೆಸರು ಕೊಟ್ಟಿದೀನಿ ಕಣಯ್ಯ," ಅಂದರು. "ಹತ್ತೊಂಬತ್ತು ವರ್ಷದಿಂದ ಇಲ್ಲಿಗೆ ಬಂದ ಒಂದು ಪಿಕ್ಚರೂ ಬಿಡದೆ ನೋಡಿದ ಗೇಟ್‌ಕೀಪರ್ ಇವನು ಅಂತ ಹೇಳಿಬಿಟ್ಟಿದೀನಿ. ನನ್ನ ಮರ್ಯಾದೆ ಉಳಿಸು."

"ಸಾರ್, ನಾನು ಏಳನೇ ಕ್ಲಾಸೂ ಮುಗಿಸಿಲ್ಲ."

"ಪರದೆ ನೋಡೋಕೆ ಯಾವ ಕ್ಲಾಸು ಬೇಕಯ್ಯ?"

ಗೆದ್ದ ಪಿಕ್ಚರ್ ನಮ್ಮಲ್ಲಿ ಇನ್ನೂ ಎರಡು ವಾರ ಓಡುತ್ತದೆ, ದಿನಕ್ಕೆ ಎರಡು ಆಟ. ಸೋತದ್ದನ್ನು ತೆಗೆಯುತ್ತಾರೆ. ನಾನು ಹಾಕುವ ಅಂಕದಿಂದ ಒಂದು ಪಿಕ್ಚರ್ ಉಳಿಯಬಹುದು, ಹೋಗಬಹುದು. ಭಯವಾಯಿತು. ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಹೆಂಡತಿಗೆ ಹೇಳಿದೆ. ಪಾತ್ರೆ ತೊಳೆಯುತ್ತಿದ್ದವಳು ತಿರುಗಿಯೂ ನೋಡಲಿಲ್ಲ. "ಓಹೋ, ತೀರ್ಪುಗಾರರೇ! ಮೊದಲು ಈ ಸೋರೋ ನಲ್ಲಿಗೊಂದು ತೀರ್ಪು ಕೊಡಿ."

ಫೆಬ್ರವರಿ 8, ಭಾನುವಾರ. ಬೆಳಿಗ್ಗೆ 10.30

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಸಭೆ. ಸಂಘದ ಕಾರ್ಯದರ್ಶಿ ನಿವೃತ್ತ ಮೇಷ್ಟ್ರು. ಅವರು ಹಾಳೆ ಹಂಚುವಾಗ ಬೆರಳಿಗೆ ಎಂಜಲು ಹಚ್ಚಿದ್ದು ನೋಡಿ ನನಗೆ ಆರನೇ ಕ್ಲಾಸಿನ ನೆನಪು ಬಂದು ನೆಟ್ಟಗೆ ಕೂತೆ.

ಹಾಳೆಯಲ್ಲಿ ನಾಲ್ಕು ಪಿಕ್ಚರ್. ಕಥೆ, ನಟನೆ, ಫೋಟೋಗ್ರಫಿ, ಸದ್ದು — ಎಲ್ಲ ಸೇರಿಸಿ ಒಂದೊಂದು ಪಿಕ್ಚರ್‌ಗೆ ಹತ್ತರಲ್ಲಿ ಅಂಕ. ಕೆಳಗೆ ಒಂದು ಸಾಲು: 'ಈ ನಾಲ್ಕೂ ಚಿತ್ರಗಳನ್ನು ಪೂರ್ತಿಯಾಗಿ ನೋಡಿದ್ದೇನೆ.' ಅದರಡಿ ಸಹಿ.

ಮೂರು ಸಲ ಓದಿದೆ. ನನ್ನ ಕೆಲಸ ಹೀಗಿದೆ — ಆಟ ಶುರುವಾದ ಮೇಲೆ ತಡವಾಗಿ ಬಂದವರಿಗೆ ಹತ್ತು ನಿಮಿಷ ಟಾರ್ಚ್ ಹಿಡಿಯಬೇಕು. ಇಂಟರ್‌ವಲ್‌ಗೆ ಎರಡು ನಿಮಿಷ ಮುಂಚೆ ಒಳಗೆ ಹೋಗಿ ಬಾಗಿಲ ಹತ್ತಿರ ನಿಲ್ಲಬೇಕು. ಮುಗಿಯುವಾಗ ಐದು ನಿಮಿಷ. ಮಿಕ್ಕ ಹೊತ್ತು ಬೇರೆ ಹಾಲ್‌ನ ಬಾಗಿಲು. ಆದರೆ ಒಂದೊಂದನ್ನೂ ಹೀಗೆ ನಲವತ್ತು ಸಲ ನೋಡಿದ್ದೇನೆ. ಜನ ಒಂದು ಸಲ ನೋಡುತ್ತಾರೆ, ಅದರಲ್ಲೂ ಅರ್ಧ ಹೊತ್ತು ಮೊಬೈಲು. ನನ್ನದು ಪೂರ್ತಿಯಲ್ಲದಿದ್ದರೆ ಯಾರದು ಪೂರ್ತಿ?

ಸಹಿ ಹಾಕಿದೆ.

ಫೆಬ್ರವರಿ 10, ಮಂಗಳವಾರ. ಮಧ್ಯಾಹ್ನ

ಅಂಕ ಹಾಕುವ ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಯುದ್ಧದ್ದು: ಸೇತುವೆ ವಿಷಯ ಆಗಲೇ ಬರೆದಿದ್ದೇನೆ. ಹೊರಗೆ ಬರುವಾಗ ಜನ ಒಬ್ಬರಿಗೊಬ್ಬರು ಮಾತಾಡುವುದಿಲ್ಲ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಗೊತ್ತಿಲ್ಲ. ಆರು.

ಹಾಡುಗಾರ್ತಿದು: ಆ ನಟಿಗೆ ಎಲ್ಲ ಕಡೆ ಬಹುಮಾನ ಗ್ಯಾರಂಟಿ ಅಂತ ಪೇಪರಿನವರು ಬರೆದದ್ದೇ ಬರೆದದ್ದು. ಶುರುವಲ್ಲಿ ಹದಿನೆಂಟು ವಯಸ್ಸು, ಕೊನೆಯಲ್ಲಿ ಎಪ್ಪತ್ತು. ಮುಖಕ್ಕೆಲ್ಲ ಸುಕ್ಕು ಅಂಟಿಸಿದ್ದಾರೆ, ಕುತ್ತಿಗೆ ಮಾತ್ರ ಹದಿನೆಂಟರದ್ದೇ. ಏಳು.

ನಾಯಿದು: ಚೆನ್ನಾಗಿದೆ. ಆದರೆ ಮೋಸ. ಶುರುವಿನ ನಾಯಿಗೆ ಬಲಗಿವಿ ಬಿಳಿ. ಕೊನೆಯ ನಾಯಿಗೆ ಎರಡೂ ಕಪ್ಪು. ಬೇರೆ ನಾಯಿ ತಂದಿದ್ದಾರೆ! ಯಾರಿಗೂ ಕಂಡಿಲ್ಲ. ನನ್ನ ಹಾಗೆ ಶುರು ಮತ್ತು ಕೊನೆ ಒಟ್ಟಿಗೆ ನೋಡುವವನಿಗೇ ಇದು ಕಾಣುವುದು. ಐದು.

ಬೀಗದ್ದು: ಬೀಗ ರಿಪೇರಿ ಮಾಡುವ ಅಪ್ಪ, ಒಬ್ಬಳೇ ಮಗಳು. ಶುರುವಲ್ಲಿ ಜಗಳ. "ಈ ಬಾಗಿಲು ನಿನಗಿನ್ನು ತೆರೆಯೋದಿಲ್ಲ" ಅಂತ ಹೊರಗೆ ಹಾಕುತ್ತಾನೆ. ಇಂಟರ್‌ವಲ್ ಹತ್ತಿರ ಯಾರೋ ಗಿರಾಕಿಯ ಬೀಗಕ್ಕೆ ಎಣ್ಣೆ ಹಾಕುತ್ತ ಕೂತಿರುತ್ತಾನೆ, ಅದನ್ನೇ ಎರಡು ನಿಮಿಷ ತೋರಿಸುತ್ತಾರೆ. ಕೊನೆಯಲ್ಲಿ ಮಗಳು ಬಂದು ತನ್ನ ಹಳೆಯ ಕೀ ತಿರುಗಿಸುತ್ತಾಳೆ. ಬಾಗಿಲು ತೆರೆದುಕೊಳ್ಳುತ್ತದೆ. ಅಪ್ಪ ತಿರುಗದೆಯೇ "ಕೈ ತೊಳ್ಕೊಂಡು ಬಾ" ಅನ್ನುತ್ತಾನೆ. ಮುಗೀತು.

ಮಗಳನ್ನು ಹೊರಗೆ ಹಾಕಿದ ಬೀಗದವನು ಬೀಗ ಬದಲಾಯಿಸದೆ ಬಿಡುತ್ತಾನೆಯೇ? ಕಥೆ ಬರೆದವನಿಗೆ ಇಷ್ಟೂ ಹೊಳೆಯಲಿಲ್ಲವೆ? ನಾಲ್ಕು.

ಫೆಬ್ರವರಿ 12, ಗುರುವಾರ

ಕವರ್ ಅಂಟಿಸಿ ಮೇಷ್ಟ್ರ ಮನೆಗೆ ಕೊಟ್ಟು ಬಂದೆ. 21ಕ್ಕೆ ಒಡೆಯುತ್ತಾರಂತೆ. ಸರಿಯಾಗಿ ಅಂಟಿದೆಯೋ ಇಲ್ಲವೋ ಅಂತ ದಾರಿಯಲ್ಲಿ ನಾಲ್ಕು ಸಲ ನೋಡಿದೆ.

ಫೆಬ್ರವರಿ 17, ಮಂಗಳವಾರ. ಬೆಳಿಗ್ಗೆ 9

ನಿನ್ನೆ ಹೆಂಡತಿಗೆ ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ರಜೆ. ನನ್ನ ಪಾಸ್ ತೆಗೆದುಕೊಂಡು ಬೀಗದ ಪಿಕ್ಚರ್ ನೋಡಿ ಬಂದಿದ್ದಾಳೆ. ಕಣ್ಣು ಕೆಂಪು.

"ರೀ, ಅವನು ಬೀಗ ಬದಲಾಯಿಸೋ ಸೀನ್ ಇದೆಯಲ್ಲ, ನನಗೆ ತಡಕೊಳ್ಳೋಕೇ ಆಗ್ಲಿಲ್ಲ."

"ಅವನು ಬದಲಾಯಿಸೋದೇ ಇಲ್ವಲ್ಲೇ."

"ಅಯ್ಯೋ! ಮೂರು ಸಲ ಬದಲಾಯಿಸ್ತಾನೆ. ಇಂಟರ್‌ವಲ್‌ಗೆ ಮುಂಚೆ ಒಂದು ಸಲ, ಆಮೇಲೆ ಎರಡು ಸಲ. ಹೊಸದು ಹಾಕ್ತಾನೆ, ಮತ್ತೆ ಬಿಚ್ತಾನೆ, ಹಳೇದನ್ನೇ ಹಾಕ್ತಾನೆ. ಒಂದು ಮಾತಿಲ್ಲ. ನೀವು ನಲವತ್ತು ಸಲ ನೋಡಿದೀನಿ ಅಂದ್ರಲ್ಲ?"

ಅವಳು ನನ್ನ ಮುಖ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು.

"ನನ್ನ ಮಾತೂ ನೀವು ಹೀಗೇ ಅಲ್ವಾ ಕೇಳೋದು? ಶುರುವಲ್ಲೊಂದು ಹೂಂ, ಕೊನೇಲೊಂದು ಹೂಂ."

ಮಗಳು ಹಳೆಯ ಕೀ ತಿರುಗಿಸಿದಾಗ ಬಾಗಿಲು ತೆರೆದದ್ದು ಕಥೆ ಬರೆದವನ ಮರೆವಲ್ಲ. ಕಥೆಯೇ ಅದು. ಅಂಥದ್ದಕ್ಕೆ ನಾನು ನಾಲ್ಕು ಹಾಕಿದ್ದೇನೆ.

ಫೆಬ್ರವರಿ 18, ಬುಧವಾರ

ಊಟ ಸೇರಲಿಲ್ಲ.

ನಾಯಿ ಪಿಕ್ಚರಿನ ನಡುವೆಯೂ ಹೀಗೇ ಏನಾದರೂ ಇರಬಹುದೆ, ಮೊದಲ ನಾಯಿ ಸತ್ತಿರಬಹುದೆ? ಕೊನೆಯದು ಅದರ ಮರಿಯಿರಬಹುದೆ?

ಫೆಬ್ರವರಿ 19, ಗುರುವಾರ. ಮಧ್ಯಾಹ್ನ 3.15

ಒಂದು ವಿಷಯ ಗೊತ್ತಾಯಿತು. ನೋಡದ ನಡುಭಾಗವನ್ನು ನಾನೇ ಹೊಲಿದುಕೊಳ್ಳುತ್ತೇನೆ. ನಡೆದುಕೊಂಡು ಮನೆಗೆ ಹೋಗುವಾಗ, ಸ್ನಾನ ಮಾಡುವಾಗ. ನಾಲ್ಕು ದಿನ ಕಳೆದರೆ ಹೊಲಿಗೆಯೇ ಕಾಣುವುದಿಲ್ಲ. ಬೀಗದವನನ್ನು ನಾನು ಕುಡುಕನನ್ನಾಗಿ ಮಾಡಿದ್ದೆ. ಅವನು ಹೋಟೆಲಿನಲ್ಲಿ ಗಲಾಟೆ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಹೆಂಡತಿ ಅಂತಹ ಸೀನೇ ಇಲ್ಲ ಎನ್ನುತ್ತಾಳೆ. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಜನರಿಗೆ ಇಲ್ಲದ ಸೀನು ಹೇಳಿದ್ದೇನೋ!

ಪ್ರೊಜೆಕ್ಟರ್ ಆಪರೇಟರ್‌ಗೆ ಹೇಳಿಕೊಂಡೆ. ನನಗಿಂತ ದೊಡ್ಡವರು, ಅಣ್ಣ ಅಂತಲೇ ಕರೆಯುವುದು.

"ಅದಕ್ಯಾಕೋ ಇಷ್ಟು ತಲೆ ಕೆಡಿಸ್ಕೊಂಡಿದೀಯ?" ಅಂದರು. "ನಾನು ಗಾಜಿನ ಹಿಂದೆ ಕೂತು ಎಲ್ಲಾನೂ ನೋಡಿದೀನಿ. ಒಂದು ಮಾತೂ ಕಿವಿಗೆ ಬಿದ್ದಿಲ್ಲ."

"ಆದ್ರೆ ಅಣ್ಣ, ನೀವು ಅಂಕ ಹಾಕಿಲ್ವಲ್ಲ."

ಅವರು ತಿರುಗಿ ಕಿಟಕಿಯ ಗಾಜು ಒರೆಸತೊಡಗಿದರು.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಮ್ಯಾನೇಜರ್ ಮರ್ಯಾದೆ ಹೋಗುತ್ತದೆ, ನನ್ನದು ಮೊದಲು ಹೋಗುತ್ತದೆ. ಸುಮ್ಮನಿದ್ದರೆ ಶನಿವಾರ ಬೆಳಗಿನ ಆಟಕ್ಕೆ ಬೀಗದ್ದು ಕೊನೆ.

ಫೆಬ್ರವರಿ 20, ಶುಕ್ರವಾರ. ಬೆಳಿಗ್ಗೆ 10

ಮೇಷ್ಟ್ರ ಮನೆಗೆ ಹೋದೆ. ಹರಿದ ಪುಸ್ತಕಕ್ಕೆ ಗೋಂದು ಹಚ್ಚುತ್ತ ಕೂತಿದ್ದರು. ಕೂರಿ ಎಂದರು. ನಿಂತೇ ಹೇಳಿದೆ.

"ಸಾರ್, ನಾನು ಪೂರ್ತಿ ನೋಡಿಲ್ಲ."

"ಎಷ್ಟು ನೋಡಿದೀರಿ?"

"ಹದಿನೇಳು ನಿಮಿಷ. ನಲವತ್ತು ಸಲ."

ಅವರು ನಗಲಿಲ್ಲ. ಅದಕ್ಕೇ ಭಯವಾಯಿತು. ಬ್ರಶ್ ಪಕ್ಕಕ್ಕಿಟ್ಟರು.

"ಬೀಗದ್ದಕ್ಕೆ ನಾಲ್ಕು ಹಾಕಿದೀನಿ ಸಾರ್. ಅದನ್ನ ಒಂಬತ್ತು ಮಾಡಿಬಿಡಿ. ನಮ್ಮನೆಯವಳು ನೋಡಿದಾಳೆ, ತುಂಬಾ ಚೆನ್ನಾಗಿದೆಯಂತೆ."

"ನಾಲ್ಕೂ ನೋಡದೇ ಹಾಕಿದ್ದು, ಒಂಬತ್ತೂ ನೋಡದೇ ಹಾಕೋದು. ವ್ಯತ್ಯಾಸ ಏನು ಬಂತು?"

ಇನ್ನೇನು ಹೊರಗೆ ನಿಲ್ಲು ಅನ್ನುತ್ತಾರೆ ಅಂದುಕೊಂಡೆ. ಕಪಾಟಿನಿಂದ ನನ್ನ ಕವರ್ ತೆಗೆದು ಕೈಗೆ ಕೊಟ್ಟರು.

"ಪೂರ್ತಿ ನೋಡಿದ್ದಕ್ಕೆ ಅಂಕ ಹಾಕಿ. ನೋಡದ್ದಕ್ಕೆ ಗೆರೆ ಎಳೀರಿ. ಕೆಳಗಿನ ಸಾಲೂ ತಿದ್ದಿ. ನಾಳೆ ನಾಲ್ಕು ಗಂಟೆಗೆ ಎಲ್ಲರೆದುರಿಗೆ ಓದ್ತೀನಿ. ನೋಡಿದ ಮೇಲೂ ನಾಲ್ಕೇ ಅನ್ನಿಸಿದ್ರೆ ನಾಲ್ಕೇ ಇರ್ಲಿ."

ಅದೇ ದಿನ, ಮಧ್ಯಾಹ್ನ 2

ನಾಳೆ ಅರ್ಧ ದಿನ ರಜೆ ಕೇಳಿದೆ.

"ಯಾಕೆ?" ಮ್ಯಾನೇಜರ್.

"ಪಿಕ್ಚರ್ ನೋಡೋಕೆ ಸಾರ್."

"ಪಿಕ್ಚರ್ ನೋಡೋಕೆ ರಜೆನಾ? ದಿನಾ ಇಲ್ಲಿ ಮಾಡೋದೇನಯ್ಯ ಮತ್ತೆ?"

ಹೇಳಲೇಬೇಕಾಯಿತು. ಮುಖ ಉಜ್ಜಿಕೊಂಡರು. ಬಹಳ ಹೊತ್ತು ಉಜ್ಜಿಕೊಂಡರು.

"ಯಾರಿಗೂ ಹೇಳಬೇಡ."

"ನಾಳೆ ಎಲ್ಲರೆದುರಿಗೆ ಓದ್ತಾರೆ ಸಾರ್."

"ದೇವರೇ... ಹೋಗು. ಹೋಗಿ ಕೂತ್ಕೋ. ಯೂನಿಫಾರ್ಮ್ ಹಾಕ್ಕೊಂಡು ಕೂರಬೇಡ, ಜನ ನಿನ್ನ ಹತ್ರಾನೇ ಸೀಟು ಕೇಳ್ತಾರೆ." ಬಾಗಿಲ ತನಕ ಬಂದಿದ್ದೆ, ಮತ್ತೆ ಕರೆದರು. "ಆ ಜಿ ಸಾಲಿನ ಕುರ್ಚಿ ರಿಪೇರಿಯವನಿಗೆ ಹೇಳಿದೀನಿ. ಇನ್ನು ಅದನ್ನೂ ಹಿಡ್ಕೊಂಡು ಬರಬೇಡ."

ಫೆಬ್ರವರಿ 21, ಶನಿವಾರ. ಬೆಳಿಗ್ಗೆ 11.35. ನಾಲ್ಕನೇ ಹಾಲ್, ಎಫ್ 9

ಇಂಟರ್‌ವಲ್. ಹೆಂಡತಿ ಪಕ್ಕದಲ್ಲಿದ್ದಾಳೆ, ಎರಡನೇ ಸಲ ನೋಡುತ್ತಿದ್ದಾಳೆ. ಒಟ್ಟು ಒಂಬತ್ತು ಜನ.

ಶುರುವಲ್ಲಿ ಯಾರೋ ತಡವಾಗಿ ಬಂದರು. ಎದ್ದುಬಿಟ್ಟೆ. ಅಂಗಿ ಹಿಡಿದು ಎಳೆದಳು. "ಬಾಗಿಲು ಓಡಿಹೋಗಲ್ಲ, ಕೂತ್ಕೊಳ್ಳಿ." ಹತ್ತು ನಿಮಿಷಕ್ಕೆ ಸರಿಯಾಗಿ ಕಾಲು ಮತ್ತೆ ತಾನಾಗಿ ಎದ್ದಿತು. ಮತ್ತೆ ಎಳೆದಳು. ಹನ್ನೊಂದನೇ ನಿಮಿಷದಿಂದ ನನಗೆ ಏನೂ ಗೊತ್ತಿಲ್ಲ. ಕತ್ತಲಲ್ಲಿ ಟಾರ್ಚ್ ಇಲ್ಲದೆ ಕೂತ ಹಾಗೆ.

ಅವನು ಕುಡಿಯುವುದಿಲ್ಲ. ಹೋಟೆಲ್ ಇಲ್ಲ, ಗಲಾಟೆ ಇಲ್ಲ. ಬೆಳಿಗ್ಗೆ ಎದ್ದು ಅಂಗಡಿ ತೆರೆಯುತ್ತಾನೆ, ಊರಿನವರ ಬೀಗ ರಿಪೇರಿ ಮಾಡುತ್ತಾನೆ. ಒಂದು ದಿನ ಮನೆಗೆ ಹೊಸ ಬೀಗ ತರುತ್ತಾನೆ. ಹಳೆಯದನ್ನು ಬಿಚ್ಚಿ ಹೊಸದು ಕೂರಿಸುತ್ತಾನೆ, ಒಂದು ಸ್ಕ್ರೂ ಕೂಡ ಓರೆಯಾಗದಂತೆ. ಹೊಸ ಕೀ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾನೆ. ಬೀದಿಯಲ್ಲಿ ಹೆಜ್ಜೆ ಸದ್ದು. ಅವಳಲ್ಲ. ಎದ್ದು ಹೊಸದನ್ನು ಬಿಚ್ಚುತ್ತಾನೆ.

ಆಮೇಲೆ ಎಣ್ಣೆ ಹಾಕುವ ಸೀನು. ನಲವತ್ತು ಸಲ ಬಾಗಿಲ ಹತ್ತಿರ ನಿಂತು ನೋಡಿದ್ದೆ. ಅದು ಗಿರಾಕಿಯ ಬೀಗವಲ್ಲ.

ಹಾಳೆ ತೊಡೆಯ ಮೇಲಿದೆ. ಮೂರು ಪಿಕ್ಚರ್‌ಗೆ ಗೆರೆ ಎಳೆದಿದ್ದೇನೆ. 'ನಾಲ್ಕೂ' ಹೊಡೆದು 'ಒಂದು' ಎಂದು ಬರೆದಿದ್ದೇನೆ. ಅಕ್ಷರ ಸ್ವಲ್ಪ ಸೊಟ್ಟ. ಬೀಗದ್ದರ ಮುಂದಿನ ನಾಲ್ಕನ್ನು ಉಜ್ಜಿದೆ. ಅಲ್ಲಿ ಕಾಗದ ತೆಳ್ಳಗಾಗಿದೆ, ಮೇಷ್ಟ್ರು ಬೈಯಬಹುದು. ಈಗಲೇ ಏನೂ ಹಾಕುವುದಿಲ್ಲ. ಇನ್ನೂ ಅರ್ಧ ಇದೆ.

ಬೆಲ್ ಆಯಿತು. "ಬರೆದದ್ದು ಸಾಕು, ಪರದೆ ನೋಡಿ," ಅನ್ನುತ್ತಿದ್ದಾಳೆ. ಇವತ್ತು ನನ್ನ ಬದಲಿಗೆ ಬಂದ ಗೇಟ್‌ಕೀಪರ್ ಬಾಗಿಲು ಹಾಕಿದ. ಹೊರಗಿನಿಂದ. ಪಕ್ಕದ ದೀಪಗಳು ಒಂದೊಂದೇ ಆರುತ್ತಿವೆ, ಗೆರೆ ಕಾಣುತ್ತಿಲ್ಲ. ಪರದೆಯ ಮೇಲೆ ಬೀಗದವನು ಅಂಗಡಿಯಿಂದ ಬರುತ್ತಿದ್ದಾನೆ, ಕೈಯಲ್ಲಿ ಇನ್ನೊಂದು ಹೊಸ