ದೀಪ ಹಚ್ಚಿದ ಮೇಲೆ ಕೊಟ್ಟ ಹೆಪ್ಪು

ಹೊಸಪೇಟೆ, ಮಲಪನಗುಡಿ ರಸ್ತೆ ಬಡಾವಣೆ, ಮೂರನೇ ಅಡ್ಡರಸ್ತೆ
ಬುಧವಾರ, 12 ಫೆಬ್ರವರಿ 2025

ಪೂಜ್ಯ ಅತ್ತೆಯವರಿಗೆ ನಿಮ್ಮ ಸಣ್ಣ ಸೊಸೆ ಶೈಲಜಾ ಮಾಡುವ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಬಿಪಿ ಗುಳಿಗೆ ಹೊತ್ತಿಗೆ ಸರಿಯಾಗಿ ತಗೊಳ್ತಾ ಇದ್ದೀರಾ? ಸಂಡೂರಿನ ಕಡೆ ಗುಡ್ಡದ ಚಳಿ ಇನ್ನೂ ಬಿಟ್ಟಿಲ್ಲವಂತೆ, ಬೆಳಿಗ್ಗೆ ಬರಿಗಾಲಲ್ಲಿ ಟೈಲ್ಸ್ ಮೇಲೆ ಓಡಾಡಬೇಡಿ. ನಾನಿದ್ದಿದ್ದರೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಚ್ಚುತ್ತಿದ್ದೆ. ಹೇಮಕ್ಕ ಹಚ್ಚುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಹಚ್ಚಲಿ, ಅವಳೂ ಸೊಸೆಯೇ, ಹಿರೇ ಸೊಸೆ ಬೇರೆ. ಫೋನಿನಲ್ಲಿ ಇದನ್ನೆಲ್ಲ ಕೇಳೋಣವೆಂದರೆ ನೀವು ನನ್ನ ಫೋನ್ ಎತ್ತುವುದಿಲ್ಲ. ಹೇಮಕ್ಕ ಎತ್ತಿ ಸ್ಪೀಕರ್ ಹಾಕುತ್ತಾಳೆ. ಆಗ ನನ್ನ ಬಾಯಿಂದ "ಊಟ ಆಯ್ತಾ" ಬಿಟ್ಟು ಬೇರೆ ಮಾತು ಬರುವುದಿಲ್ಲ. ಅದಕ್ಕೇ ಈ ಪತ್ರ. ನೀವು ಕಮಲಾಪುರದ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಓದಿದವರು, ಬೆರಳಿಟ್ಟುಕೊಂಡು ಓದಲು ಅನುಕೂಲವಾಗಲಿ ಎಂದು ಅಕ್ಷರ ದಪ್ಪ ಬರೆದಿದ್ದೇನೆ. ದಯವಿಟ್ಟು ಇದನ್ನು ಹೇಮಕ್ಕನ ಕೈಗೆ ಕೊಟ್ಟು ಓದಿಸಬೇಡಿ.

ಹೇಮಕ್ಕ ಮೊನ್ನೆ ಮನೆಯವರ ಗ್ರೂಪಿಗೆ ನಿಮ್ಮ ಫೋಟೋ ಹಾಕಿದ್ದಳು. ಹೊಸ ಸ್ವೆಟರ್ ಹಾಕಿಕೊಂಡು ಡೈನಿಂಗ್ ಟೇಬಲ್ಲಿನ ಮುಂದೆ ಕೂತಿದ್ದೀರಿ. ಕೆಳಗೆ "ನಮ್ಮ ಅತ್ತೆ ಈಗ ಆರಾಮ" ಎಂದು ಬರೆದಿದ್ದಳು. ಅಂದರೆ ಇಲ್ಲಿ ಇದ್ದಾಗ ಕಷ್ಟದಲ್ಲಿದ್ದರು ಎಂದು ಅರ್ಥವೇ? ಒಂಬತ್ತು ವರ್ಷ ನಾನು ಏನು ನಿಮ್ಮನ್ನು ಮುಳ್ಳಿನ ಮೇಲೆ ಮಲಗಿಸಿದ್ದೆನೇ? ನನಗೆ ಸಿಟ್ಟು ಬಂದು ಫೋಟೋ ದೊಡ್ಡದು ಮಾಡಿ ನೋಡಿದೆ. ನಿಮ್ಮ ತಟ್ಟೆಯ ಪಕ್ಕ ಕತ್ತರಿಯಿಂದ ಮೂಲೆ ಕತ್ತರಿಸಿದ ಮೊಸರಿನ ಪಾಕೀಟು ಇತ್ತು. ಸಾಕ್ಷಾತ್ ಪಂಪಮ್ಮನವರಾದ ನಿಮ್ಮ ತಟ್ಟೆಯ ಪಕ್ಕ ಪಾಕೀಟಿನ ಮೊಸರು! ನಿಜ ಹೇಳುತ್ತೇನೆ ಅತ್ತೆ, ಆಗ ಒಂದು ಕ್ಷಣ ಸಂತೋಷವಾಯಿತು, ಆಮೇಲೆ ಅಳು ಬಂತು.

ಇಲ್ಲಿಯ ಸುದ್ದಿ ಕೇಳಿ. ನೀವು ಹೋಗಿ ಇಪ್ಪತ್ತೊಂದು ದಿನವಾಯಿತು. ಮೂರು ದಿನಕ್ಕೊಮ್ಮೆ ಕನಕರಾಜ್ ನಲ್ಲಿ ನೀರು ಬಿಡಲು ಬಂದಾಗ ಬೀದಿಯಲ್ಲಿ ಕುರುಕ್ಷೇತ್ರ ನಡೆಯುತ್ತಿದೆ. ನೀವು ಕಟ್ಟೆಯ ಮೇಲೆ ಕೂತು "ಮೊದ್ಲು ಹಾಲು ಕುಡ್ಯಾ ಕೂಸಿರೋ ಮನಿ, ಆಮ್ಯಾಲ ಶಿಫ್ಟಿಗೆ ಹೋಗೋರ ಮನಿ" ಎಂದರೆ ಎಲ್ಲರೂ ಸುಮ್ಮನೆ ಕೊಡ ಹಿಡಿದು ನಿಲ್ಲುತ್ತಿದ್ದರು. ಈಗ ಆದೋನಿಯ ಟೇಲರ್ ಹೆಂಡತಿ ತೆಲುಗಿನಲ್ಲಿ ಬಯ್ಯುತ್ತಾಳೆ, ಆಟೋ ಓಡಿಸುವ ಬಾಷಾನ ತಾಯಿ ಉರ್ದುವಿನಲ್ಲಿ ಬಯ್ಯುತ್ತಾಳೆ, ಮೂಲೆ ಮನೆ ಮುದುಕಮ್ಮ ಯಾರಿಗೆ ಬಯ್ಯಬೇಕೆಂದು ತಿಳಿಯದೆ ಕನಕರಾಜನಿಗೇ ಬಯ್ಯುತ್ತಾಳೆ. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಗೋಡೆಗೆ ಗೋಡೆ ಹಚ್ಚಿ ಕಟ್ಟಿದ ಮನೆಗಳು, ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯವರು ಸೀನುತ್ತಾರೆ, ಆದರೂ ನೀರಿನ ದಿನ ಯಾರಿಗೂ ಯಾರ ಗುರುತೂ ಇಲ್ಲ. ನನ್ನನ್ನು ಕಂಡವರೆಲ್ಲ ಕೇಳುವುದು ಒಂದೇ ಮಾತು, "ಅಜ್ಜಿ ಯಾವಾಗ ಬರ್ತಾರ್ರಿ?" ಶೈಲಜಾ ಹೇಗಿದ್ದಾಳೆಂದು ಒಬ್ಬರಾದರೂ ಕೇಳಬೇಕಲ್ಲ. ಇಲ್ಲ. ನಾನೇನು ಈ ಬೀದಿಗೆ ನಿಮ್ಮ ವಿಳಾಸ ಹೇಳುವ ಬೋರ್ಡೇ?

ನಿಮ್ಮ ಮಗ ಕಂಪನಿ ಬಸ್ಸಿನ ಶಿಫ್ಟು ಮುಗಿಸಿ ಬಂದು ಊಟಕ್ಕೆ ಕೂತರೆ ಅಂಗಡಿ ಮೊಸರನ್ನು ಮೂಸಿ ನೋಡಿ "ಇದು ಮೊಸರಲ್ಲ, ಬಿಳೀ ನೀರು" ಎಂದು ಬಟ್ಟಲು ಆಚೆ ತಳ್ಳುತ್ತಾರೆ. ಜಂಬುನಾಥ್ ಮಲಪನಗುಡಿಯಿಂದ ಅದೇ ಎಮ್ಮೆ ಹಾಲು ತರುತ್ತಾನೆ, ಅದೇ ಒಲೆ, ಅದೇ ಪಾತ್ರೆ. ಇಲ್ಲದಿರುವುದು ನಿಮ್ಮ ಹೆಪ್ಪು. ನಲವತ್ತಾರು ವರ್ಷದ ಹಿಂದೆ ಮದುವೆಯಾಗಿ ಬರುವಾಗ ಕಮಲಾಪುರದಿಂದ ಬಸ್ಸಿನಲ್ಲಿ, ಹಿತ್ತಾಳೆ ಗಿಂಡಿಯಲ್ಲಿ, ಮಡಿಲಲ್ಲಿಟ್ಟುಕೊಂಡು ತಂದ ನಿಮ್ಮವ್ವನ ಮನೆಯ ಹೆಪ್ಪು. ದಿನವೂ ಒಂದು ಚಮಚ ತೆಗೆದಿಟ್ಟು ಮರುದಿನಕ್ಕೆ, ಅದರಿಂದ ಒಂದು ಚಮಚ ಅದರ ಮರುದಿನಕ್ಕೆ. ಅದರ ಕಥೆಯನ್ನು ನೀವು ನನಗೆ ನೂರು ಸಲ ಹೇಳಿದ್ದೀರಿ. ಆದರೆ ಒಂದು ಸಲವೂ ನನ್ನ ಕೈಯಿಂದ ಹಾಕಿಸಲಿಲ್ಲ. ಹಾಲು ಕಾಸುವುದು ನಾನು, ಪಾತ್ರೆ ತೊಳೆಯುವುದು ನಾನು, ಹೆಪ್ಪು ಹಾಕುವ ಹೊತ್ತಿಗೆ ಮಾತ್ರ "ನೀ ಸರಿ, ನಿನ್ನ ಕೈ ಭಾಳ ಬಿಸಿ ಐತಿ, ಮಸರು ಕೂಡಂಗಿಲ್ಲ" ಎಂದು ಪಕ್ಕಕ್ಕೆ ಸರಿಸುತ್ತಿದ್ದಿರಿ. ಮೊದಮೊದಲು ನಗುತ್ತಿದ್ದೆ. ಮೂರನೇ ವರ್ಷಕ್ಕೆ ನಗು ನಿಂತಿತು.

ಈಗ ಎದುರು ಮನೆಯ ಸಬಿತಾಳ ಮಾತಿಗೆ ಬರುತ್ತೇನೆ. ಬರದೆ ವಿಧಿಯಿಲ್ಲ. ಒಡಿಶಾದಿಂದ ಗಂಡನ ಜೊತೆ ಬಂದು ಎಂಟು ತಿಂಗಳಾಗಿತ್ತು, ಅಷ್ಟರಲ್ಲಿ ನಿಮ್ಮ ಕಟ್ಟೆ ಅವಳದಾಯಿತು. ನಾನು ಅವಸರದಲ್ಲಿ ಒಮ್ಮೆ ನಿಮಗೆ "ಬನ್ನಿ" ಎನ್ನುವ ಬದಲು "ಬಾ" ಎಂದಿದ್ದಕ್ಕೆ ನೀವು ಎರಡು ದಿನ ಮಾತು ಬಿಟ್ಟಿದ್ದಿರಿ, ನೆನಪಿದೆಯೇ? ಅವಳು ಬಂದು "ಅಮ್ಮಾ, ನೀನು ಕೂತ್ಕೋ, ನಾನು ಮಾಡ್ತಾನೆ" ಎಂದರೆ ನಿಮಗೆ ನಗೆಯೋ ನಗೆ. ಅವಳ ತಲೆಗೆ ಎಣ್ಣೆ, ಅವಳಿಗೆ ರೊಟ್ಟಿ ಬಡಿಯುವ ಪಾಠ, ಅವಳ ರೊಟ್ಟಿ ಭಾರತದ ನಕಾಶೆಯ ಹಾಗೆ ಬಂದರೂ "ಕಲೀತಾಳ ಬಿಡು" ಎಂಬ ಮಾತು. ನನ್ನ ರೊಟ್ಟಿ ಒಂದು ಕಡೆ ಸ್ವಲ್ಪ ದಪ್ಪವಾದರೆ ಇಡೀ ತವರಿಗೇ ಬೈಗುಳ. ನನಗೆ ಹೊಟ್ಟೆಕಿಚ್ಚಾಯಿತು ಅತ್ತೆ. ಅದನ್ನು ಮುಚ್ಚಿಟ್ಟು ಏನು ಮಾಡಲಿ? ಹಗಲೆಲ್ಲ ಉರಿಯುತ್ತಿತ್ತು.

ಸಂಕ್ರಾಂತಿ ಮುಗಿದ ಆ ಶನಿವಾರದ ಸಂಜೆ ನಿಮಗೂ ನೆನಪಿದೆ. ನಾನು ದೇವರ ಮುಂದೆ ದೀಪ ಹಚ್ಚಿ ಹೊಸ್ತಿಲಿಗೆ ಬಂದಿದ್ದೆ. ಸಬಿತಾ ಬಟ್ಟಲು ಹಿಡಿದುಕೊಂಡು ಓಡಿ ಬಂದಳು. ಗಂಡನಿಗೆ ಹೊಟ್ಟೆ ಕೆಟ್ಟಿದೆ, ನಾಳೆಗೆ ಮನೆಯಲ್ಲೇ ಮೊಸರು ಮಾಡಬೇಕು, ಹೆಪ್ಪು ಕೊಡು ಎಂದಳು. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಮನೆಯಿಂದ ಆಚೆ ಕೊಡಬಾರದು, ಕೊಟ್ಟರೆ ಲಕ್ಷ್ಮಿ ಹಿಂದೆಯೇ ಹೋಗುತ್ತಾಳೆ ಎಂದು ನನಗೆ ಕಲಿಸಿದವರು ನೀವು. ನನ್ನ ತಂಗಿಗೆ ಹೆರಿಗೆಯಾದಾಗ ಸಂಜೆ ಒಂದು ಬಟ್ಟಲು ಮೊಸರು ಕೇಳಿದರೆ "ಮುಂಜಾನೆ ಬರಾಕ ಹೇಳು" ಎಂದವರೂ ನೀವೇ. ಅಂಥವರು ಎದ್ದಿರಿ. ಒಳಗೆ ಹೋಗಿ ಹೆಪ್ಪಿನಲ್ಲಿ ಅರ್ಧ ಅವಳ ಬಟ್ಟಲಿಗೆ ಹಾಕಿದಿರಿ. ಅಷ್ಟಕ್ಕೇ ಬಿಡದೆ, ಅವಳಿಗೆ ಹಾಕಲು ಬರುವುದಿಲ್ಲವೆಂದು ಅವಳ ಮನೆಗೇ ಹೋಗಿ, ಅವಳ ಕೈಯನ್ನು ಹಿಡಿದು ಅವಳ ಕೈಯಿಂದಲೇ ಹಾಕಿಸಿದಿರಿ. ನಿಮ್ಮಿಬ್ಬರ ನಗು ನನಗೆ ಅಡುಗೆಮನೆಯಲ್ಲಿ ಕೇಳುತ್ತಿತ್ತು. ಅವಳ ಕೈ ತಂಪು, ನನ್ನ ಕೈ ಬಿಸಿ.

ಮರುದಿನ ಬೆಳಿಗ್ಗೆ ನಮ್ಮ ಪಾತ್ರೆಯ ಮುಚ್ಚಳ ತೆಗೆದರೆ ಮೊಸರು ಕೂಡಿರಲಿಲ್ಲ. ಒಡಕು ಹಾಲು, ಮೇಲೆ ಹಳದಿ ನೀರು, ಕೆಟ್ಟ ವಾಸನೆ. ಹಿಂದಿನ ದಿನದ ಮಜ್ಜಿಗೆ ಹನಿಯೂ ಉಳಿದಿರಲಿಲ್ಲ. ನೀವು ಪಾತ್ರೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಿರಿ. ಮಾವನವರು ಹೋದ ದಿನ ಬಿಟ್ಟರೆ ನಿಮ್ಮನ್ನು ಹಾಗೆ ನಾನು ನೋಡಿರಲಿಲ್ಲ. ಅದೇ ಹೊತ್ತಿಗೆ ಆ ಹುಡುಗಿ, ಕಲ್ಲಿನಂತೆ ಕೂಡಿದ ಮೊಸರಿನ ಬಟ್ಟಲು ಎತ್ತಿಕೊಂಡು "ಅಮ್ಮಾ ನೋಡು, ಆಯ್ತು!" ಎಂದು ಕುಣಿಯುತ್ತ ಬರಬೇಕೇ! ನೀವು ಅವಳಿಗೆ ಅಂದ ಮಾತು ನನ್ನ ಕಿವಿಯಲ್ಲಿದೆ. "ನಮ್ಮ ಮನಿ ಲಕ್ಷ್ಮೀನ ಹೊತ್ಕೊಂಡು ಹೋಗಿ ನನಗ ತೋರ್ಸಾಕ ಬಂದಿಯೇನು? ಇನ್ನ ಮ್ಯಾಲ ನಮ್ಮ ಹೊಸ್ತಿಲಾ ತುಳೀಬ್ಯಾಡ." ಅವಳಿಗೆ ಮಾತು ಅರ್ಧ ತಿಳಿಯಿತು, ಮುಖ ಪೂರ್ತಿ ತಿಳಿಯಿತು. ನಾನು ನಿಮ್ಮ ಹಿಂದೆ ನಿಂತಿದ್ದೆ. ಒಂದು ಮಾತೂ ಆಡಲಿಲ್ಲ. ಮೂರು ದಿನ ನೀವು ಬರೀ ಸಾರನ್ನ ಉಂಡು, ನಾಲ್ಕನೆಯ ದಿನ ಚೀಲ ಹಿಡಿದು ಸಂಡೂರಿನ ಬಸ್ಸು ಹತ್ತಿದಿರಿ.

ಮೊನ್ನೆ ಭಾನುವಾರ ನೀವು ನಿಮ್ಮ ಮಗನಿಗೆ ಫೋನಿನಲ್ಲಿ "ಆ ಮನಿಯಾಗ ಲಕ್ಷ್ಮಿ ಉಳಿದಿಲ್ಲ, ನಾ ಇನ್ನ ಹೇಮಾನ ಹತ್ರಾನ ಇರ್ತೀನಿ, ನನ್ನ ಟ್ರಂಕು ಕಳಿಸ್ರಿ" ಎಂದಿರಂತೆ. ಇವರು ಟ್ರಂಕಿನ ಧೂಳು ಒರೆಸುತ್ತ ಕೂತರು. ಸೋಮವಾರ ಸಂಜೆ ಇದ್ದ ಸೊಕ್ಕನ್ನೆಲ್ಲ ನುಂಗಿಕೊಂಡು, ಬಟ್ಟಲು ಹಿಡಿದು ಸಬಿತಾಳ ಬಾಗಿಲಿಗೆ ಹೋದೆ. ನಿಮ್ಮ ಹೆಪ್ಪು ಅವಳ ಮನೆಯಲ್ಲಾದರೂ ಬದುಕಿದೆಯಲ್ಲ. ಒಂದು ಚಮಚ ಕೊಡು ಎಂದು ಕೇಳಿದೆ. ಅವಳು ಕೊಡಲಿಲ್ಲ ಅತ್ತೆ! ಒಳಗೆ ದೇವರ ಫೋಟೋದ ಕಡೆ ಕೈ ತೋರಿಸಿ, "ಅಕ್ಕಾ, ದೀಪ ಹಚ್ಚಿದೆ. ಕೊಡಬಾರದು. ನಾನು ಅವತ್ತು ಕೇಳಿದೆ, ಅಮ್ಮನ ಮನೆ ಕೆಟ್ಟಿತು, ಅಮ್ಮ ಹೋದಳು" ಎಂದು ಅತ್ತಳು. ಹೊರಗಿನಿಂದ ಬಂದ ಹುಡುಗಿ, ನಮ್ಮ ಶಾಸ್ತ್ರವನ್ನು ನಮಗಿಂತ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಾಳೆ.

ಮಂಗಳವಾರ ಬೆಳಕು ಹರಿಯುತ್ತಲೇ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಅವಳು, ತಲೆ ತುಂಬ ಸೆರಗು ಹೊದ್ದು, ಬಟ್ಟಲಲ್ಲಿ ಹೆಪ್ಪು ಹಿಡಿದು, ಬೀದಿಯಲ್ಲೇ ನಿಂತಿದ್ದಾಳೆ. ಒಳಗೆ ಬಾ ಎಂದೆ. ತಲೆ ಅಲ್ಲಾಡಿಸಿದಳು. ಹೊಸ್ತಿಲು ತುಳಿಯಬೇಡ ಎಂದಿದ್ದೀರಲ್ಲ, ಅದಕ್ಕೆ ಆಚೆಯಿಂದಲೇ ಕೈ ಚಾಚಿ ಕೊಟ್ಟಳು. ಎರಡೂ ಕೈಯಿಂದ ಇಸಿದುಕೊಂಡೆ.

ಇಷ್ಟು ಸುದ್ದಿ. ಕಾಗದ ಮುಗಿಯುತ್ತ ಬಂತು. ಹದಿನಾಲ್ಕು ದಿನಕ್ಕೆ ಶಿವರಾತ್ರಿ, ಅಷ್ಟರೊಳಗೆ ಬನ್ನಿ. ಮಾವನವರ ಫೋಟೋಕ್ಕೆ ನಾನು ದಿನವೂ ಹೂವು ಇಡುತ್ತಿದ್ದೇನೆ, ಅವರೂ ನಿಮ್ಮನ್ನೇ ಕೇಳುತ್ತಿರುವ ಹಾಗೆ ನೋಡುತ್ತಾರೆ. ಲಿಂಗರಾಜ್ ಭಾವನವರಿಗೆ ನಮಸ್ಕಾರ ತಿಳಿಸಿ. ಹೇಮಕ್ಕನಿಗೂ ತಿಳಿಸಿ, ಸ್ವೆಟರ್ ಚೆನ್ನಾಗಿದೆ ಎಂದು ಹೇಳಿ. ನಿಮ್ಮ ಕಾಲಿಗೆ ಇಲ್ಲಿಂದಲೇ ಹಣೆ ಹಚ್ಚಿದ್ದೇನೆ.

ಇಂತಿ,
ನಿಮ್ಮ ಬಿಸಿ ಕೈಯ ಸೊಸೆ
ಶೈಲಜಾ

ತಾ.ಕ.: ನಾಳೆ ಇವರಿಗೆ ವಾರದ ರಜೆ, ಟ್ರಂಕು ತರುವುದಿಲ್ಲ, ಈ ಪತ್ರವನ್ನೂ ಒಂದು ಸ್ಟೀಲ್ ಡಬ್ಬಿಯನ್ನೂ ತರುತ್ತಾರೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಈಗ ಇವರು ಶಿಫ್ಟು ಮುಗಿಸಿ ಬರುವುದರೊಳಗೆ ಬರೆಯುತ್ತಿದ್ದೇನೆ. ಆ ಶನಿವಾರ ಸಬಿತಾಳ ಮನೆಯಿಂದ ಬಂದು ನೀವು ನಮ್ಮ ಹಾಲಿಗೂ ಹೆಪ್ಪು ಹಾಕಿ, ಮುಚ್ಚಿಟ್ಟು, ಟೀವಿ ಮುಂದೆ ಹೋಗಿ ಕೂತಿರಿ. ನೀವು ಹೋದ ಮೇಲೆ ನಾನು ಆ ಪಾತ್ರೆಯನ್ನು ಮತ್ತೆ ಗ್ಯಾಸಿನ ಮೇಲಿಟ್ಟು ಹಬೆಯಾಡುವವರೆಗೆ ಕಾಸಿದೆ. ಬೇಕೆಂದೇ ಕಾಸಿದೆ. ಲಕ್ಷ್ಮಿ ಎಲ್ಲಿಗೂ ಹೋಗಿರಲಿಲ್ಲ, ಸಬಿತಾ ಏನನ್ನೂ ಹೊತ್ತುಕೊಂಡು ಹೋಗಿರಲಿಲ್ಲ. ನಿಮ್ಮವ್ವನ ಮನೆಯ ಹೆಪ್ಪನ್ನು ಕೆಡಿಸಿದವಳು ನಾನು. ಬೈಯಿರಿ, ಹೊಡೆಯಿರಿ, ಬಂದು ಹೊಡೆಯಿರಿ. ಇವತ್ತು ಬೆಳಿಗ್ಗೆ ಸಬಿತಾಳ ಮನೆಗೆ ಹೋಗಿ ಅವಳಿಗೂ ಹೇಳಿದೆ. ಅವಳು "ಅಮ್ಮನಿಗೆ ಬರಿ" ಎಂದಳು, ಅಷ್ಟೇ. ಡಬ್ಬಿಯಲ್ಲಿರುವುದು ನಿನ್ನೆ ನನ್ನ ಕೈಯಿಂದ ಹಾಕಿದ ಮೊಸರು, ಚಾಕುವಿನಿಂದ ಕೊಯ್ಯುವ ಹಾಗೆ ಕೂಡಿದೆ, ತಿಂದು ನೋಡಿ. ಊರಿಗೆ ಬಂದಾಗ ಮೊದಲು ಸಬಿತಾಳ ಮನೆಗೆ ಹೋಗಿ, ಅವಳನ್ನು ಕೈ ಹಿಡಿದು ಕರೆದುಕೊಂಡು, ಆಮೇಲೆ ನಮ್ಮ ಹೊಸ್ತಿಲು ದಾಟಿ. ಮೊದಲು ಅವಳ ಮನೆ ಎಂದು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತಿದೆ ಅತ್ತೆ, ಆದರೂ ಮೊದಲು ಅಲ್ಲಿಗೇ ಹೋಗಿ.