ಸೊನ್ನೆ ಸಲ ತೆರೆದ ಅರ್ಜಿ

ಆಫೀಸಿನ ಊಟದ ಕೋಣೆ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಗೋದಾಮಿನಲ್ಲಿ ದಿನವಿಡೀ ನಿಂತು ಪೆಟ್ಟಿಗೆಗಳಿಗೆ ಟೇಪ್ ಅಂಟಿಸುವವಳ ಮಂಡಿ ಹೇಗಿದೆ ಎಂದು ಕೇಳುವುದೇ ದಡ್ಡತನ, ಆದರೂ ಕೇಳುತ್ತೇನೆ. ಬೆರಳಿನ ಗಾಯ ಮಾಯಿತೇ? ಕೈಗವಸು ಕೊಟ್ಟರೇ, ಇಲ್ಲ ಇನ್ನೂ ‘ಮುಂದಿನ ವಾರ’ ಅನ್ನುತ್ತಿದ್ದಾರೆಯೇ? ನಾನು ಚೆನ್ನಾಗಿದ್ದೇನೆ, ದಪ್ಪಗಾಗಿದ್ದೇನೆ. ಕೂತಲ್ಲೇ ಕೂತು ಬೇರೆಯವರ ಹಣೆಬರಹ ಬರೆಯುವವಳಿಗೆ ಮೈ ಬರದೆ ಇನ್ನೇನು ಬರುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ‘ಹೋಗ್ಲಿ ಬಿಡು’ ಅಂದುಬಿಡುತ್ತೀಯ. ಹಾಗಂದರೆ ನನಗೆ ಮೈ ಉರಿಯುತ್ತದೆ, ಅದಕ್ಕೇ ಕಾಗದ.

ನನ್ನ ಕೆಲಸ ಏನೆಂದು ಎಷ್ಟೋ ಸಲ ಕೇಳಿದ್ದೀಯ, ನಾನು ಹಾರಿಕೆಯ ಉತ್ತರ ಕೊಟ್ಟಿದ್ದೇನೆ. ಇವತ್ತು ಸರಿಯಾಗಿ ಕೇಳು. ಕಂಪನಿಗಳು ಇಂಥವರು ಬೇಕು ಅನ್ನುತ್ತವೆ. ನಮ್ಮಲ್ಲಿರುವ ಲಕ್ಷಗಟ್ಟಲೆ ಅರ್ಜಿಗಳಿಂದ ನಾವು ಅಂಥವರನ್ನು ಹೆಕ್ಕಿ ಕೊಡಬೇಕು. ಅದಕ್ಕೆ ಬೂಲಿಯನ್ ಹುಡುಕಾಟ ಎಂಬ ಉಪಾಯವಿದೆ. ಪದಗಳ ನಡುವೆ ಆ್ಯಂಡ್, ಆರ್, ನಾಟ್ ಎಂದು ಸೇರಿಸಿ ಒಂದು ಸಾಲು ಬರೆಯುವುದು. ಅಮ್ಮ ಅಂಗಡಿಗೆ ಕಳಿಸುವಾಗ ಹೇಳುತ್ತಿದ್ದಳಲ್ಲ, ಈರುಳ್ಳಿ ಬೇಕೇ ಬೇಕು, ಟೊಮೇಟೊ ಇಲ್ಲವೇ ನಿಂಬೆಹಣ್ಣು ಯಾವುದಾದರೂ ಒಂದು, ಕೊಳೆತದ್ದು ಮಾತ್ರ ಬೇಡ ಎಂದು, ಅಷ್ಟೇ. ಆದರೆ ನೀನು ಒಂದೊಂದನ್ನೂ ಮೂಸಿ ನೋಡಿ ಬಿಡುತ್ತಿದ್ದೆ. ಯಂತ್ರ ಮೂಸುವುದಿಲ್ಲ. ನಾಟ್ ಎಂದು ಬರೆದ ಪದ ಯಾರ ಅರ್ಜಿಯಲ್ಲಿದೆಯೋ ಅವರು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಮೂರು ವರ್ಷದ ಹಿಂದೆ ಔಷಧಿ ಕಾರ್ಖಾನೆಗಳ ಪ್ರಯೋಗಾಲಯಕ್ಕೆ ಜನ ಹುಡುಕಲು ನಾನೊಂದು ಸಾಲು ಬರೆದೆ. ಅದರಲ್ಲಿದ್ದ ಪದಗಳೆಲ್ಲ ನಿನ್ನವು. ಮಾತ್ರೆ ಎಷ್ಟು ನಿಮಿಷಕ್ಕೆ ಕರಗಬೇಕು, ಯಾವ ಯಂತ್ರದಲ್ಲಿ ನೋಡಬೇಕು ಎಂದು ನೀನು ಅಂಥದೇ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಗ ಊಟದ ತಟ್ಟೆಯ ಮುಂದೆ ಕೊರೆಯುತ್ತಿದ್ದದ್ದು ನನ್ನ ಹೊಟ್ಟೆಪಾಡಿಗೆ ಒದಗಿತು. ನಮ್ಮ ಮ್ಯಾನೇಜರ್ ನೋಡಿ, ಮನೆಯವರನ್ನು ನೋಡಿಕೊಳ್ಳಲು ಕೆಲಸ ಬಿಟ್ಟವರು ಬೇಡ, ಅಂಥವರು ಮತ್ತೆ ಮನೆ ಎಂದು ಓಡುತ್ತಾರೆ ಎಂದರು. ಸರಿ ಎಂದು ಕೊನೆಯಲ್ಲಿ ನಾಟ್ ಆರೈಕೆ ಎಂದು ಸೇರಿಸಿದೆ. ಚಹಾಕ್ಕೆ ಹೋಗುವ ಅವಸರ. ಅಮ್ಮ ಎರಡು ಚಮಚ ಗಂಜಿ ಕುಡಿದಳು ಎಂದು ಹೇಳಲು ಅದೇ ಹೊತ್ತಿಗೆ ನೀನು ಫೋನ್ ಮಾಡಿದ್ದೆ, ನಾನು ಆಮೇಲೆ ಮಾಡುತ್ತೇನೆಂದು ಇಟ್ಟುಬಿಟ್ಟೆ. ಆ ಸಾಲಿಗೆ ನನಗೆ ಶಹಬ್ಬಾಸ್‌ಗಿರಿ ಸಿಕ್ಕಿತು, ಬಡ್ತಿಯೂ ಸಿಕ್ಕಿತು. ಉಳಿದವರೆಲ್ಲ ಅದನ್ನೇ ನಕಲು ಮಾಡಿಕೊಂಡರು; ಕೆಲಸ ಬಿಟ್ಟು ಹೋದವರು ಬೇರೆ ಕಂಪನಿಗಳಿಗೂ ಹೊತ್ತುಕೊಂಡು ಹೋದರು.

ಅಮ್ಮ ಹೋದ ಮೇಲೆ ನೀನು ಅರ್ಜಿ ಬರೆಯಲು ಕೂತು, ಕೆಲಸವಿಲ್ಲದ ಆ ಆರು ವರ್ಷಕ್ಕೆ ಏನು ಬರೆಯಲಿ ಎಂದು ಕೇಳಿದ್ದು ನೆನಪಿದೆಯೇ? ‘ನಿಜಾನೇ ಬರಿ ಅಕ್ಕ, ಅದ್ರಲ್ಲಿ ನಾಚ್ಕೆ ಏನು’ ಎಂದವಳು ನಾನೇ. ‘ತಾಯಿಯ ಆರೈಕೆ’ ಎಂದು ನೀನು ಬರೆದೆ. ಸಾಲಿನ ಕೊನೆಯ ಪದ ನನಗೆ ಆಗ ನೆನಪಿಗೂ ಬರಲಿಲ್ಲ. ಎರಡು ವರ್ಷ ಯಾರೂ ಕರೆಯಲಿಲ್ಲ. ‘ನನಗೆ ಕೆಲಸ ಮರೆತುಹೋಗಿದೆಯೇನೋ, ಅವರಿಗೆ ಗೊತ್ತಾಗಿರಬೇಕು’ ಎಂದುಕೊಂಡು ನೀನು ಗೋದಾಮಿಗೆ ಹೊರಟುಬಿಟ್ಟೆ. ನಾನೂ, ದೇವರೇ, ಹಾಗೇ ಇರಬಹುದು ಅಂದುಕೊಂಡಿದ್ದೆ. ಅದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ.

ಈಚೆಗೆ ಒಂದು ಔಷಧಿ ಕಾರ್ಖಾನೆಗೆ ಅನುಭವಸ್ಥರು ಬೇಕಾಗಿದ್ದರು, ಮೂರು ವಾರ ಜಾಲಾಡಿದರೂ ಒಬ್ಬರೂ ಸಿಗಲಿಲ್ಲ. ಕಳೆದ ಶುಕ್ರವಾರ ಸಾಲಿನಿಂದ ಒಂದೊಂದೇ ಪದ ಕಿತ್ತು ನೋಡಿದೆ. ಕೊನೆಯದನ್ನು ತೆಗೆದ ಕೂಡಲೇ ಪಟ್ಟಿಯ ತುದಿಯಲ್ಲಿ ನೀನು. ನೀಲಿ ರವಿಕೆಯ, ಕನ್ನಡಕ ಸ್ವಲ್ಪ ಸೊಟ್ಟಗಿರುವ ಅದೇ ಫೋಟೊ. ಕೆಳಗೆ, ಈ ಅರ್ಜಿ ತೆರೆದು ನೋಡಿದವರು: ಸೊನ್ನೆ. ನಿನ್ನನ್ನು ಯಾರೂ ಬೇಡ ಅಂದಿಲ್ಲ ಅಕ್ಕ. ಯಾರೂ ನೋಡಿಯೇ ಇಲ್ಲ. ನೋಡದ ಹಾಗೆ ಮಾಡಿದವಳು ನಾನು.

ಆ ಪದ ತೆಗೆಯೋಣ ಎಂದು ಮ್ಯಾನೇಜರ್ ಹತ್ತಿರ ಹೋದೆ. ಅವರು ತಲೆ ಎತ್ತದೆ, ‘ತೆಗೆದ್ರೆ ನಾನೂರು ಅರ್ಜಿ ಬರುತ್ತೆ, ಯಾರು ಓದ್ತಾರೆ? ನೀವೇ ಬರೆದಿದ್ದಲ್ವಾ?’ ಎಂದರು. ಸಂಬಂಧಿಕರ ಅರ್ಜಿಯನ್ನು ನಾವು ಕೈಯಾರೆ ಮುಂದೆ ತಳ್ಳುವಂತಿಲ್ಲ, ಹುಡುಕಾಟದಲ್ಲಿ ತಾನಾಗಿ ಬಂದರೆ ಮಾತ್ರ ಸೈ. ನೀನು ಅಲ್ಲಿ ಅಮ್ಮನ ಮಗ್ಗುಲು ಬದಲಿಸುತ್ತಿದ್ದೆ ಎಂದೇ ನಾನು ಇಲ್ಲಿ ನಿಶ್ಚಿಂತೆಯಿಂದ ಕೂತು ಈ ಸಾಲು ಬರೆಯಲು ಸಾಧ್ಯವಾಯಿತು. ಬೈಯಬೇಕೆನಿಸಿದರೆ ಬೈದುಬಿಡು. ಹೋಗ್ಲಿ ಬಿಡು ಮಾತ್ರ ಅನ್ನಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು, ಮಂಡಿಗೆ ಎಣ್ಣೆ ಹಚ್ಚು.

ನಿನ್ನ ತಂಗಿ,
ಮೊಂಡಿ

ತಾ.ಕ.: ಆ ಕೆಲಸ ಮುಂದಿನ ಸೋಮವಾರದವರೆಗೆ ಖಾಲಿ ಇದೆ. ಅರ್ಜಿಯಿಂದ ಅಮ್ಮನ ಸಾಲನ್ನು ಅಳಿಸಿ ಮತ್ತೆ ಹಾಕು. ಆ ಆರು ವರ್ಷಕ್ಕೆ ಏನೂ ಬರೆಯಬೇಡ, ಖಾಲಿ ಬಿಡು. ಸಂದರ್ಶನದಲ್ಲಿ ಕೇಳಿದರೆ ಬಾಯಲ್ಲಿ ಹೇಳು. ಖಾಲಿ ಜಾಗವನ್ನು ಯಂತ್ರ ಹಿಡಿಯುವುದಿಲ್ಲ, ಅಮ್ಮನನ್ನು ಹಿಡಿಯುತ್ತದೆ.