ಬೋರ್ಡಿನ ಮೂಲೆಯಲ್ಲಿ ಉಳಿದ ಪ್ರಶ್ನೆ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಗುಬ್ಬಿ,

ಹೇಗಿದ್ದೀಯೆ? ಕೆಮ್ಮು ಇಳಿಯಿತೆ, ಇಲ್ಲ ಇನ್ನೂ ಗಂಟಲಲ್ಲೇ ಠಿಕಾಣಿ ಹೂಡಿದೆಯೆ? ನಿಮ್ಮ ಕೇಂದ್ರದ ರೇಡಿಯೋ ಅಣ್ಣನ ಮೊಣಕಾಲು ಹೇಗಿದೆ? ಅಡುಗೆಯ ಅಜ್ಜ ಈಗಲಾದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೋ, ಎಲ್ಲರಿಗೂ ಬಡಿಸಿ ತಾವು ಪಾತ್ರೆಯ ತಳ ಕೆರೆಯುತ್ತಾರೋ? ಎಲ್ಲರನ್ನೂ ಕೇಳಿದೆನೆಂದು ಹೇಳು. ನಾನು ಗಟ್ಟಿಯಾಗಿದ್ದೇನೆ. ನಿನ್ನ ಮಗಳು ಮೆಣಸೂ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ, ಖಾರ ಮಾತ್ರ ಕಡಿಮೆಯಾಗಿಲ್ಲ.

ಫೋನು ಬಿಟ್ಟು ಕಾಗದ ಯಾಕೆ ಅನ್ನುತ್ತೀಯೇನೋ. ನೀನು ದ್ವೀಪದ ಕೆಲಸಕ್ಕೆ ಹೊರಟ ದಿನದಿಂದ ಅವಳಿಗೆ ಮುನಿಸು. ಫೋನಿಗೆ ಬಾ ಎಂದರೆ ಬರುವುದಿಲ್ಲ, ಆದರೆ ನಾನು ಮಾತಾಡುವಾಗ ಬಾಗಿಲ ಸಂದಿಯಲ್ಲಿ ಕಿವಿ ಇಟ್ಟು ನಿಂತಿರುತ್ತಾಳೆ. ಅವಳಿಗೆ ಕೇಳಿಸಬಾರದ್ದನ್ನು ಬರೆದೇ ಹೇಳಬೇಕು. ನಿನ್ನ ಶಾಲೆಯ ಪುಸ್ತಕ ನೋಡಿಕೊಂಡು ಅಕ್ಷರ ಕಲಿತವಳು ನಾನು. ಒತ್ತು ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಗುರುವಾರ ಅವಳ ತರಗತಿಯವರು ನಿಮ್ಮ ಹವಾಮಾನ ಕೇಂದ್ರಕ್ಕೆ ಪ್ರವಾಸ ಬಂದಿದ್ದರಲ್ಲ, ಪರದೆಯ ಮೇಲೆ. ನಿನಗೆ ಕಂಡದ್ದು ಟೀಚರಮ್ಮನ ಮುಖ, ಮುಂದಿನ ಬೆಂಚು, ಅಷ್ಟೇ. ಹಿಂದಿನ ಬೆಂಚಿನಲ್ಲಿ ಏನಾಯಿತೆಂದು ನಾನು ಹೇಳುತ್ತೇನೆ, ಕೇಳು.

ಈ ಟೀಚರಮ್ಮನ ಪದ್ಧತಿಯೇ ಬೇರೆ. ಪರದೆಯಲ್ಲಿ ಹೋದರೂ ಪ್ರವಾಸ ಪ್ರವಾಸವೇ ಅನ್ನುತ್ತಾರೆ. ಮಕ್ಕಳು ಟೋಪಿ, ನೀರಿನ ಬಾಟಲಿ, ತಿಂಡಿ ಡಬ್ಬಿ ತರಬೇಕು. ಹೊರಗೆ ಸಾಲಾಗಿ ನಿಂತು ಹಾಜರಿ ಹೇಳಿ ಒಳಗೆ ‘ಹತ್ತಬೇಕು’. ಜೊತೆಗೆ ಮನೆಯ ಹಿರಿಯರೊಬ್ಬರು ಇರಲೇಬೇಕು. ಹಾಗೆ ನಾನು ಹೋದದ್ದು. ಬಸ್ಸಿನಲ್ಲಿ ವಾಂತಿ ಮಾಡುವ ಹುಡುಗಿಯೊಬ್ಬಳು ಇಲ್ಲೂ ಕಿಟಕಿ ಪಕ್ಕವೇ ಬೇಕೆಂದು ಹಟ ಹಿಡಿದಳು. “ಲೇ, ಗೋಡೆ ಎಲ್ಲಿಗೇ ಹೋಗುತ್ತೆ!” ಎಂದು ನಮ್ಮ ಮೆಣಸು ರೇಗಿಸಿದಳು. ಹಿಂದಿನ ದಿನವೇ ಮಕ್ಕಳು ಆನ್‌ಲೈನ್ ನಕ್ಷೆಯಲ್ಲಿ ನಿಮ್ಮ ದ್ವೀಪ ಹುಡುಕಿದ್ದರು, ಅಲ್ಲಿ ಎಷ್ಟು ಗಾಳಿ, ಎಷ್ಟು ಚಳಿ ಎಂದು ನೋಡಿದ್ದರು. ಅದನ್ನು ಕೇಳಿ ನಾನೂ ಪೆದ್ದಿಯಂತೆ ಶಾಲು ಹೊದ್ದು ಹೋಗಿದ್ದೆ!

“ನಿಮ್ಮಮ್ಮ ಕೆಲಸ ಮಾಡೋ ಕಡೆ ಹೋಗೋಣ್ವಾ?” ಎಂದು ಟೀಚರಮ್ಮ ಅವಳನ್ನು ಮೊದಲೇ ಕೇಳಿದ್ದರಂತೆ. “ಹೋಗೋಣ. ಆದ್ರೆ ನಮ್ಮಮ್ಮ ಅಂತ ಯಾರ್ಗೂ ಹೇಳ್ಬಾರ್ದು” ಎಂದಳಂತೆ. ಅದಕ್ಕೇ ಅವಳು ನಿನ್ನನ್ನು ಮಿಸ್ ಅಂದದ್ದು. ಆ ಮಾತು ಕೇಳಿ ನಿನ್ನ ಮುಖ ಬಾಡಿದ್ದನ್ನು ನಾನು ಕಂಡೆ. ನೀನು ಕಾಣದ್ದನ್ನು ಈಗ ಕೇಳು: ನೀನು ಬಲೂನಿಗೆ ಅನಿಲ ತುಂಬಿ ಆಕಾಶಕ್ಕೆ ಬಿಟ್ಟಾಗ ಮಕ್ಕಳೆಲ್ಲ ಹೋ ಎಂದು ಮೇಲೆ ನೋಡಿದರು. ಇವಳು ಬಲೂನು ನೋಡಲೇ ಇಲ್ಲ. ನಿನ್ನ ಕೈಗಳನ್ನೇ ನೋಡುತ್ತಿದ್ದಳು.

ಆಮೇಲೆ ಎದ್ದು ನಿಂತು ಕೇಳಿದಳಲ್ಲ, “ಮಿಸ್, ಬಲೂನು ವಾಪಸ್ ಬರುತ್ತಾ?” ಎಂದು. ಇಲ್ಲ, ತುಂಬಾ ಮೇಲೆ ಹೋಗಿ ಒಡೆಯುತ್ತದೆ, ಅದರ ಪೆಟ್ಟಿಗೆ ಸಮುದ್ರಕ್ಕೆ ಬೀಳುತ್ತದೆ, ಅಲ್ಲಿಯವರೆಗೂ ನಮಗೆ ಸುದ್ದಿ ಕಳಿಸುತ್ತಾ ಇರುತ್ತದೆ ಎಂದೆ ನೀನು. “ಸುದ್ದಿ ಯಾರಿಗೆ ಬೇಕು ಮಿಸ್? ವಾಪಸ್ ಬರೋ ಹಾಗೆ ಮಾಡಕ್ಕಾಗಲ್ವಾ?” ನೀನು ಅಂಗಿಯ ತೋಳಿನಿಂದ ಕ್ಯಾಮೆರಾ ಒರೆಸಿದೆ. ಗಾಳಿ ಜೋರಾಯಿತು, ಇವತ್ತಿಗೆ ಸಾಕು ಅಂದುಬಿಟ್ಟೆ.

ಗಾಳಿ ಇರಲಿಲ್ಲ, ಮಗಳೇ. ನಿನ್ನ ಹಿಂದಿದ್ದ ಬಾವುಟ ಒಣಹಾಕಿದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಮಕ್ಕಳು ಗಮನಿಸಲಿಲ್ಲ ಅಂದುಕೊಳ್ಳಬೇಡ, ಒಬ್ಬಳಂತೂ ಗಮನಿಸಿದಳು.

ಆ ತರಗತಿಯಲ್ಲಿ ಇನ್ನೊಂದು ಪದ್ಧತಿಯಿದೆ. ಪ್ರವಾಸದಲ್ಲಿ ಉತ್ತರ ಸಿಗದ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಸುತ್ತ ಗೆರೆ ಎಳೆಯುತ್ತಾರೆ. ಉತ್ತರ ಬರುವ ತನಕ ಯಾರೂ ಒರೆಸುವ ಹಾಗಿಲ್ಲ. ಇವಳ ಪ್ರಶ್ನೆಯೂ ಅಲ್ಲಿಗೇ ಹೋಯಿತು. ಮುಂದಿನ ಬೆಂಚಿನ ಜಾಣೆಯೊಬ್ಬಳು ಇಂಟರ್‌ನೆಟ್ಟಿನಲ್ಲಿ ಹುಡುಕಿ ಹೇಳುತ್ತೇನೆಂದು ಕೈ ಎತ್ತಿದಳು. ಇವಳು ಉರಿದುಬಿದ್ದಳು. “ನೀನೇನೂ ಹುಡುಕ್ಬೇಡ. ಆ ಮಿಸ್ಸೇ ಹೇಳ್ಲಿ.”

ಅಂದಿನ ಪ್ರವಾಸವನ್ನು ಶಾಲೆಯವರು ರೆಕಾರ್ಡು ಮಾಡಿ ಕಳಿಸಿದ್ದಾರೆ. ಮನೆಗೆ ಬಂದರೆ ಇವಳಿಗೆ ಅದನ್ನು ನೋಡುವುದೇ ಕೆಲಸ. ನೀನು ಕ್ಯಾಮೆರಾ ಒರೆಸುವಾಗ ನಿನ್ನ ಹೆಬ್ಬೆರಳು ಪರದೆಯ ತುಂಬ ಬರುತ್ತದೆ. ಅಲ್ಲಿಗೆ ನಿಲ್ಲಿಸಿ, ಅದರ ಮೇಲೆ ತನ್ನ ಹೆಬ್ಬೆರಳು ಇಟ್ಟು ಕೂರುತ್ತಾಳೆ. ನಾನು ಬಟ್ಟೆ ಮಡಚುವವಳ ಹಾಗೆ ನಟಿಸುತ್ತೇನೆ. ಮಡಚಿದ್ದನ್ನೇ ಮತ್ತೆ ಮಡಚುತ್ತೇನೆ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಆ ಪ್ರಶ್ನೆಗೆ ಉತ್ತರ ಬರೆ. ತರಗತಿಗೇ ಬರೆ. ಅಮ್ಮ ಎಂದು ಸಹಿ ಮಾಡಬೇಡ, ಅವಳು ಕರೆದ ಹಾಗೆ ಮಿಸ್ ಎಂದೇ ಮಾಡು; ಉಳಿದದ್ದು ಅವಳಿಗೆ ಬಿಡು. ಯಾವಾಗ ಬರುತ್ತೀಯೆಂದು ಗೊತ್ತಿದ್ದರೆ ಅದನ್ನೇ ಬರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆ. ಗಾಳಿ ಗೀಳಿ ಅನ್ನಬೇಡ. ಸಾಮಾನು ತರುವ ದೋಣಿ ವಾಪಸಾಗುವಾಗಲೇ ಕಾಗದ ಕೊಟ್ಟು ಕಳಿಸು, ತಡಮಾಡಬೇಡ.

ನಿನ್ನ ದಾರಿ ನೋಡುವ,
ಅಮ್ಮ

ತಾ.ಕ.: ಲಕೋಟೆ ಅಂಟಿಸುತ್ತಿದ್ದಾಗ ಮೆಣಸು ಬಂದು ಯಾರಿಗೆ ಎಂದಳು. ದ್ವೀಪದ ಮಿಸ್‌ಗೆ ಎಂದೆ. ಒಳಗೆ ಹೋಗಿ ನಿನ್ನ ನೀಲಿ ಸ್ವೆಟರ್ ತಂದು ನನ್ನ ಮಡಿಲಿಗೆ ಹಾಕಿದಳು. ನಿನಗೆ ಹೇಳಿರಲಿಲ್ಲ, ನೀನು ಹೋದಾಗಿನಿಂದ ಅದನ್ನು ದಿಂಬಿನ ಚೀಲದೊಳಗೆ ತುರುಕಿಕೊಂಡು ಮಲಗುತ್ತಾಳೆ, ಒಗೆಯಲು ಕೊಡುವುದಿಲ್ಲ. “ಆ ಮಿಸ್ ತೆಳ್ಳಗಿನ ಅಂಗಿ ಹಾಕಿದ್ರು, ಕೆಮ್ತಾ ಇದ್ರು. ಇದನ್ನ ಕಳ್ಸಜ್ಜಿ. ಆದ್ರೆ ಇದು ನಮ್ಮಮ್ಮಂದು, ವಾಪಸ್ ಬೇಕು ಅಂತ ಬರಿ. ಪೋಸ್ಟಲ್ಲಲ್ಲ, ಅವರೇ ತಂದ್ಕೊಡ್ಬೇಕು” ಎಂದಳು.

ಒಗೆಯದೆ ಕಳಿಸಿದ್ದೇನೆ.